ಬಾಗಿಲಲ್ಲಿ ಸಿಕ್ಕಿಸಿದ್ದ ಎಲೆ

ಉಪಗ್ರಹದಿಂದ ಓಝೋನ್ ಅಳೆಯುವವಳಿಗೆ ಹುಟ್ಟಿದ ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಇಲ್ಲ. ಆ ಶನಿವಾರ ಹುಣಸೂರಲ್ಲಿ ಬಸ್ಸಿಳಿದು ಊರು ಸೇರಿ ಬ್ಯಾಗು ಕೆಳಗಿಟ್ಟೆನೋ ಇಲ್ಲವೋ, ಅವ್ವ ನನ್ನನ್ನು ಗೂಡಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪಿನ ರಾಶಿಯ ಮುಂದೆ ಕೂರಿಸಿದಳು. ಬಣ್ಣ ನೋಡಿ ಎಲೆ ಆರಿಸುವ ಕೆಲಸ.

ನಾನೋ ಆವತ್ತು ಮಹಾರಾಣಿ! ಸೋಮವಾರ ಮೈಸೂರಲ್ಲಿ ಗೈಡ್ ಮುಂದೆ ಮೂರು ವರ್ಷದ ಕೆಲಸ ಒಪ್ಪಿಸಬೇಕು, ಅವರು ಹೂಂ ಅಂದರೆ ಪಿಎಚ್‌ಡಿ ಮುಗಿದ ಹಾಗೆ. ನಲವತ್ತು ಕಿಲೋಮೀಟರ್ ಮೇಲೆ ಓಝೋನ್ ಯಾರೂ ನೆನೆಸದಷ್ಟು ಬೇಗ ಹೆಚ್ಚುತ್ತಿದೆ, ಆಕಾಶದ ಗಾಯ ಮಾಯುತ್ತಿದೆ ಅಂತ ನನ್ನ ಗ್ರಾಫು ಹೇಳುತ್ತಿತ್ತು.

"ಅಷ್ಟು ಮ್ಯಾಲಿಂದು ನಿಂಗೆಂಗೆ ಕಾಣ್ತದೆ?" ಅಂದಳು ಅವ್ವ.

"ಉಪಗ್ರಹ ನೋಡ್ತದೆ ಕಣವ್ವ. ಗಾಳಿಗೆ ಬಿದ್ದು ವಾಪಸ್ ಬರೋ ಬಿಸಿಲನ್ನ ಓಝೋನ್ ನುಂಗ್ತದೆ. ಬೆಳಕು ಕಮ್ಮಿ ಬಂದ್ರೆ ಓಝೋನ್ ಜಾಸ್ತಿ ಐತೆ ಅಂತ."

ಅಷ್ಟರಲ್ಲಿ ಮೋಡ ಕವಿಯಿತು. ಅವ್ವ ಕೈಲಿದ್ದದ್ದನ್ನು ಬಿಟ್ಟು, ಬೆಳಗ್ಗೆ ಒಳ್ಳೇ ಬಿಸಿಲಲ್ಲಿ ಹಳದಿ ಅಂತ ಗೊತ್ತುಮಾಡಿ ಬಾಗಿಲಲ್ಲಿ ಸಿಕ್ಕಿಸಿದ್ದ ಎಲೆಯೊಂದನ್ನು ತೆಗೆದು ಬೆಳಕಿಗೆ ಹಿಡಿದಳು.

"ಇದೂ ಕಪ್ಪಗೆ ಕಾಣ್ತಾ ಐತೆ. ಬೆಳಕೇ ಮಂಕು. ಈಗ ಆರುಸುದ್ರೆ ಒಳ್ಳೇ ಸೊಪ್ಪೆಲ್ಲ ಕೆಟ್ಟದ್ರ ಜೊತೆ ಸೇರ್ಕತದೆ, ಬುಡು." ಆಮೇಲೆ ನನ್ನತ್ತ ತಿರುಗಿದಳು. "ನಿನ್ ಉಪಗ್ರಹಕ್ಕೆ ವಯಸ್ಸಾಗಕಿಲ್ವಾ? ಕಣ್ಣು ಮಂಜಾದ್ರೆ?"

"ಅದುನ್ನೆಲ್ಲ ಕಂಪ್ಯೂಟರ್ ಸರಿ ಮಾಡ್ತದೆ" ಅಂದೆ, ದೊಡ್ಡ ಪಂಡಿತಳ ಹಾಗೆ. ಆದರೆ ಅದು ಸರಿ ಮಾಡಿದೆ ಅಂತ ನಂಬಿದ್ದೆನೇ ಹೊರತು ನಾನೇ ಹೋಲಿಸಿ ನೋಡಿರಲಿಲ್ಲ.

ರಾತ್ರಿ ಅವ್ವ ಬಡಿಸಿದ ಮುದ್ದೆ ತಟ್ಟೆಯಲ್ಲಿ ಆರುತ್ತಿತ್ತು. ನಾನು ಲ್ಯಾಪ್‌ಟಾಪ್ ತೆಗೆದು, ನನ್ನ ಉಪಗ್ರಹ ಅಳೆದ ದಿನಗಳಲ್ಲೇ ಅದೇ ಜಾಗಗಳ ಮೇಲೆ ಹಾದುಹೋದ ಇನ್ನೊಂದು ಹೊಸ ಉಪಗ್ರಹದ ಅಳತೆಗಳನ್ನು ಪಕ್ಕಕ್ಕಿಟ್ಟು ನೋಡಿದೆ. ಎರಡರ ನಡುವಿನ ಅಂತರ ವರ್ಷವರ್ಷಕ್ಕೂ ಬೆಳೆದಿತ್ತು. ನನ್ನ ಉಪಗ್ರಹದ ಕಣ್ಣು ಮಂಜಾಗುತ್ತಾ ಬಂದಿತ್ತು, ಆ ಮಂಜನ್ನೇ ನಾನು ಓಝೋನ್ ಅಂದುಕೊಂಡಿದ್ದೆ. ಆಕಾಶ ಮಾಯುತ್ತಿದ್ದದ್ದು ನಿಜ, ಆದರೆ ನಿಧಾನಕ್ಕೆ, ತುಂಬಾ ನಿಧಾನಕ್ಕೆ. ನಾಚಿಕೆಯೂ ದುಃಖವೂ ಒಟ್ಟಿಗೇ ಬಂದು ಅತ್ತುಬಿಟ್ಟೆ.

"ಏನಾಯ್ತವ್ವಾ?" ಅಂದಳು ಅವ್ವ.

"ನನ್ ಸೊಪ್ಪೆಲ್ಲ ತಪ್ಪು ರಾಶಿಗೆ ಹೋಗೈತೆ ಕಣವ್ವ. ಮೂರು ವರ್ಷದ್ದು."

ಅವ್ವ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಇನ್ನೂ ಬೇಲ್ ಕಟ್ಟಿ ಹರಾಜಿಗೆ ಕಳ್ಸಿಲ್ಲ ತಾನೆ? ಉಣ್ಣು. ಉಂಡು ಮೊದ್ಲಿಂದ ಆರ್ಸು."

ಸೋಮವಾರ ಗೈಡ್ ಹತ್ತಿರ ಇನ್ನೊಂದು ವರ್ಷ ಕೇಳಿದೆ.