ವಾಡಿಯಿಂದ ಬಂದ ವೈರಿಲ್ಲದ ಹೆಡ್‌ಫೋನು

ನಮ್ಮ ಮನೆಯವರಿಗೆ ಸಾಮಾನು ಕೊಳ್ಳಲು ಬರುವುದಿಲ್ಲ. ಇದನ್ನು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದೆ. ಆಫೀಸಿನ ಕೆಲಸಕ್ಕೆಂದು ಚಿಂಚೋಳಿಗೆ ಹೋದರೆ ಅಲ್ಲಿಯ ಚಂದಾಪುರದ ಪೇಟೆಯಿಂದ ಬಿಚ್ಚಿದರೆ ಮುಚ್ಚದ ಛತ್ರಿ ತಂದರು. ಕಲಬುರಗಿಗೆ ಹೋದಾಗ ಒಂದೇ ಪಕ್ಕ ಕಾಯುವ ಇಸ್ತ್ರಿಪೆಟ್ಟಿಗೆ ತಂದರು. ಅಂಗಡಿಯವನು "ಬರ್ರಿ ಸಾಹೇಬ್ರ, ಕುಂದ್ರಿ" ಎಂದು ಒಂದು ಚಹಾ ತರಿಸಿದರೆ ಸಾಕು, ಅವನಲ್ಲಿ ಯಾರೂ ಕೊಳ್ಳದೆ ಉಳಿದದ್ದನ್ನೆಲ್ಲ ಇವರು ಹೊತ್ತು ತರುತ್ತಿದ್ದರು. ಆದರೆ ವಾಡಿ ಸ್ಟೇಷನ್ನಿನ ಹೊರಗೆ, ರೈಲು ಬದಲಿಸುವ ಅರ್ಧ ಗಂಟೆಯಲ್ಲಿ ಕೊಂಡು ತಂದ ವೈರಿಲ್ಲದ ಹೆಡ್‌ಫೋನಿನಂಥ ದರಿದ್ರ ಸಾಮಾನು ಅಲ್ಲಿಯವರೆಗೆ ನಮ್ಮ ಹೊಸ್ತಿಲು ದಾಟಿರಲಿಲ್ಲ.

ಎರಡು ಸಾವಿರದ ಐದೋ ಆರೋ ಇಸವಿ. ನಾವು ಸೇಡಂನಲ್ಲಿ ಬಾಡಿಗೆಗಿದ್ದೆವು. ನಾನು ಆಡಕಿಯ ಶಾಲೆಯಲ್ಲಿ ಶಿಕ್ಷಕಿ, ಇವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಜೊತೆಗೆ ನನ್ನ ಅತ್ತೆ. ಅತ್ತೆಗೆ ಕಿವಿ ಮಂದವಾಗಿ ನಾಲ್ಕೈದು ವರ್ಷವಾಗಿತ್ತು. ಡಾಕ್ಟರು ಕೊಟ್ಟ ಕಿವಿಯ ಮಷೀನು ತಲೆಯೊಳಗೆ ಸೀಟಿ ಊದುತ್ತದೆಂದು ಡಬ್ಬಿಯಲ್ಲಿಟ್ಟು ಮುಚ್ಚಿದ್ದರು. ಹೊತ್ತು ಕಳೆಯಲು ಅವರಿಗಿದ್ದದ್ದು ಟಿವಿ ಒಂದೇ. ಆ ಟಿವಿಯ ದನಿ ಹೇಗಿರುತ್ತಿತ್ತೆಂದರೆ, ಬಸ್ಸಿಳಿದು ಓಣಿಯ ತಿರುವಿಗೆ ಬರುವಷ್ಟರಲ್ಲಿ ಅಂದಿನ ಧಾರಾವಾಹಿಯಲ್ಲಿ ಯಾರು ಅಳುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಅರವತ್ತು ಮಕ್ಕಳ ಗದ್ದಲದಿಂದ ಬಂದು, ಪರೀಕ್ಷೆಯ ಪೇಪರು ತಿದ್ದಲು ಕೂತರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನ ತಾಳ್ಮೆ ಹೋಯಿತು. ಟಿವಿ ಸುಮ್ಮನಾಗಬೇಕು, ಇಲ್ಲವೇ ಅತ್ತೆ ಶಹಾಬಾದಿನ ಮೈದುನನ ಮನೆಗೆ ಹೋಗಬೇಕು, ಎರಡರಲ್ಲಿ ಒಂದು ಯುಗಾದಿಯೊಳಗೆ ಆಗಲಿ ಎಂದು ಇವರಿಗೆ ಹೇಳಿದೆ. ಅತ್ತೆಯ ಎದುರಿಗೇ ಅಂದೆ. ಕೇಳಿಸುವುದಿಲ್ಲವೆಂಬ ಧೈರ್ಯ, ಇನ್ನೇನು.

ಮೈದುನ ಕೆಟ್ಟವನಲ್ಲ. ಅವನೂ ಅವನ ಹೆಂಡತಿಯೂ ಒಂಬತ್ತು ಗಂಟೆಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆ. ಹಿಂದೊಮ್ಮೆ ಅತ್ತೆ ಅಲ್ಲಿ ಎರಡು ತಿಂಗಳಿದ್ದು ಬಂದಿದ್ದರು. ಹೇಗಿತ್ತೆಂದು ಕೇಳಿದರೆ ಏನೂ ಹೇಳಿರಲಿಲ್ಲ. ನಾನೂ ಕೆದಕಲಿಲ್ಲ, ಕೆದಕಿದರೆ ಕಳಿಸುವುದು ಕಷ್ಟವಾಗುತ್ತದಲ್ಲ.

ಹೀಗಾಗಿ ಹೆಡ್‌ಫೋನು ಬಂತು. ಡಬ್ಬಿಯ ಮೇಲೆ ನಗುತ್ತಿರುವ ಒಬ್ಬ ಬಿಳಿ ಹೆಂಗಸು. ಒಳಗೆ ಬೆಳ್ಳಿಬಣ್ಣ ಬಳಿದ ಪ್ಲಾಸ್ಟಿಕ್ಕು. ಮುಟ್ಟಿದ ಮೊದಲ ದಿನವೇ ಬಣ್ಣ ಬೆರಳಿಗೆ ಅಂಟಿತು. ಸಾಬೂನು ಬಿಲ್ಲೆಯಷ್ಟು ದೊಡ್ಡ ಒಂದು ಪೆಟ್ಟಿಗೆ ಇತ್ತು, ಅದರ ವೈರಿನ ಪಿನ್ನು ಟಿವಿಗೆ. ಪೆಟ್ಟಿಗೆ ದನಿಯನ್ನು ಗಾಳಿಯಲ್ಲಿ ಕಳಿಸುತ್ತದೆ, ಕಿವಿಗೆ ಹಾಕಿಕೊಂಡದ್ದು ಹಿಡಿಯುತ್ತದೆ. ಐದು ಕೆಲಸ ಮಾಡುತ್ತದೆ ಎಂದು ಇವರು ಬೆರಳು ಮಡಚಿ ಎಣಿಸಿದರು: ಟಿವಿ ಕೇಳಬಹುದು, ರೇಡಿಯೊ ಕೇಳಬಹುದು, ಕಂಪ್ಯೂಟರಿನಲ್ಲಿ ಮಾತಾಡಬಹುದು, ಬೇಕಾದರೆ ವೈರು ಚುಚ್ಚಿಯೂ ಕೇಳಬಹುದು. ಇನ್ನು ಪಿನ್ನು ಕಿತ್ತು, ಪೆಟ್ಟಿಗೆಯನ್ನು ತೊಟ್ಟಿಲ ಹತ್ತಿರ ಇಟ್ಟರೆ ಅದೇ ಮೈಕಾಗಿ, ಕೂಸು ಅತ್ತದ್ದು ಅಡುಗೆಮನೆಗೆ ಕೇಳಿಸುತ್ತದಂತೆ. ನಮ್ಮ ಮನೆಯಲ್ಲಿ ಕಂಪ್ಯೂಟರೂ ಇಲ್ಲ, ಕೂಸೂ ಇಲ್ಲ. ವೈರೇ ಚುಚ್ಚುವುದಾದರೆ ವೈರಿಲ್ಲದ್ದು ಯಾಕೆ ತಂದಿರಿ ಎಂದು ಕೇಳಿದೆ. ಇವರು ಹಲ್ಲು ಕಿರಿದರು.

ನಾನೇ ಮೊದಲು ಹಾಕಿಕೊಂಡೆ. ಎಡಕ್ಕೆ ಸುಂಯ್, ಬಲಕ್ಕೆ ಗರ್. ಸಣ್ಣ ಗಾಲಿಯೊಂದನ್ನು ಉಗುರಿನಿಂದ ತಿರುವುತ್ತ ಹೋದರೆ, ಎಲ್ಲೋ ಒಂದು ಕೂದಲೆಳೆಯ ಜಾಗದಲ್ಲಿ ಟಿವಿಯವರು ಸಿಗುತ್ತಿದ್ದರು. ಉಸಿರು ಬಿಟ್ಟರೆ ಮತ್ತೆ ಹೋಗುತ್ತಿದ್ದರು. ಪಟ್ಟಿ ಕೂದಲನ್ನು ಕಚ್ಚುತ್ತಿತ್ತು. ಸ್ಪಂಜಿನ ಬಟ್ಟಲು ಸೇಡಂನ ಬಿಸಿಲಲ್ಲಿ ಐದೇ ನಿಮಿಷಕ್ಕೆ ಒದ್ದೆ. ಸೆಲ್ಲು ಎರಡು ದಿನಕ್ಕೆ ಖಾಲಿ. ಪಿನ್ನಂತೂ ಸಡಿಲ, ಯಾರಾದರೂ ಪಕ್ಕದಲ್ಲಿ ನಡೆದುಹೋದರೂ ಕಳಚಿ ಬೀಳುತ್ತಿತ್ತು.

"ವೈರೇ ಇಲ್ಲ ನೋಡು," ಎಂದು ಇವರು ಹೆಮ್ಮೆಯಿಂದ ಅಂದರು.

"ವೈರ್ ಇಲ್ಲ, ಖರೆ. ದನಿ ಎಲ್ಲದ?" ಎಂದೆ.

ನೂರಕ್ಕೆ ಹತ್ತು ಅಂಕ ಕೊಟ್ಟೆ, ಅದೂ ಡಬ್ಬಿ ಗಟ್ಟಿಯಿದೆ ಎಂದು. ಶಹಾಬಾದೇ ಗತಿ ಎಂದು ಮನಸ್ಸಿನಲ್ಲಿ ತೀರ್ಮಾನವೂ ಆಗಿತ್ತು. ಆಮೇಲೆ ಟಿವಿಯ ದನಿ ಪೂರ್ತಿ ಇಳಿಸಿ ಅತ್ತೆಯ ತಲೆಗೆ ಏರಿಸಿದೆವು. ಅವರು ಒಂದು ನಿಮಿಷ ಟಿವಿಯನ್ನೇ ದಿಟ್ಟಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮುಖ ಅರಳಿಸಿ, "ಭಾಳ ಛಲೋ ಕೇಳ್ಲಿಕತ್ತದವಾ. ಎದುರಿಗಿ ಕುಂತು ಮಾತಾಡಿದಂಗ ಅದ," ಅಂದರು.

ನನಗೆ ನಗು ಬಂತು. ತಾಯಿಗೆ ತಕ್ಕ ಮಗ ಅಂದುಕೊಂಡೆ, ಇಬ್ಬರಿಗೂ ಸಾಮಾನಿನ ಗುರುತಿಲ್ಲ. ಆದರೆ ಮನೆ ಸುಮ್ಮನಾಯಿತು. ಸ್ವರ್ಗ. ಅತ್ತೆ ದಿನಾ ಆ ಬೆಳ್ಳಿಬಣ್ಣದ ಕಿರೀಟ ಇಟ್ಟುಕೊಂಡು ಕೂಡುತ್ತಿದ್ದರು, ನಾನು ಪೇಪರು ತಿದ್ದುತ್ತಿದ್ದೆ. ಕೆಲವು ವಿಚಿತ್ರ ಕಾಣಿಸುತ್ತಿದ್ದವು, ಇಲ್ಲವೆನ್ನುವುದಿಲ್ಲ. ವಾರ್ತೆಯಲ್ಲಿ ಬಸ್ಸು ಉರುಳಿದ್ದನ್ನು ತೋರಿಸುವಾಗ ನಗುತ್ತಿದ್ದರು. ಒಮ್ಮೆ ಪರೀಕ್ಷೆ ಮಾಡೋಣವೆಂದು, ಇವತ್ತು ಧಾರಾವಾಹಿಯ ಸೊಸೆ ಏನಂದಳು ಎಂದು ಕಿವಿಯ ಹತ್ತಿರ ಕೂಗಿ ಕೇಳಿದೆ. ಸೊಸೆ ಆಸ್ತಿಯನ್ನೆಲ್ಲ ಗುಡಿಗೆ ಬರೆದುಕೊಟ್ಟಳೆಂದೂ, ಅತ್ತೆ ಬಂದು ಅವಳ ಕಾಲು ಹಿಡಿದಳೆಂದೂ ಕಾಲು ಗಂಟೆ ಹೇಳಿದರು. ತಲೆಬುಡವಿರಲಿಲ್ಲ. ಧಾರಾವಾಹಿಗಳೇ ಅಷ್ಟು ಹುಚ್ಚುಚ್ಚಾಗಿರುತ್ತವೆಂದು ನಂಬಿದೆ. ಮಕ್ಕಳು ನಕಲು ಹೊಡೆದರೆ ಅಕ್ಷರ ನೋಡಿಯೇ ಹಿಡಿಯುತ್ತೇನೆಂದು ಶಾಲೆಯಲ್ಲಿ ನನಗೆ ಹೆಸರಿತ್ತು. ಬೆಂಕಿ ಬಿತ್ತು ಆ ಹೆಸರಿಗೆ.

ಒಂದು ಭಾನುವಾರ ಸಂಜೆ ಇವರು ಮತ್ತೆ ಆ ಹೆಡ್‌ಫೋನನ್ನು ಹೊಗಳಲು ಶುರುಮಾಡಿದರು. ನೂರು ಅಡಿ ದೂರ ಹೋದರೂ ಕೇಳುತ್ತದೆಂದು ಡಬ್ಬಿಯ ಮೇಲೆ ಬರೆದಿದೆ ಅಂದರು. ಡಬ್ಬಿಯ ಮೇಲೆ ಬರೆದದ್ದೆಲ್ಲ ವೇದವಾಕ್ಯ ಇವರಿಗೆ. ಈಗಲೇ ನೋಡಿಬಿಡೋಣ ಎಂದು ಅತ್ತೆಯ ತಲೆಯಿಂದ ಅದನ್ನು ತೆಗೆದು ನಾನು ಹಾಕಿಕೊಂಡು ಹಿತ್ತಲಿಗೆ ಹೋದೆ. ಹೇಗೂ ಒಣಗಿದ ಬಟ್ಟೆ ತೆಗೆಯಬೇಕಿತ್ತು. ಅಡುಗೆಮನೆ ದಾಟುವಷ್ಟರಲ್ಲೇ ಟಿವಿ ಅರ್ಧ ಸತ್ತಿತ್ತು. ಹಗ್ಗದ ಹತ್ತಿರ ಸುಂಯ್ ಎಂಬುದೇ ಹೆಚ್ಚು, ಟಿವಿ ಕಡಿಮೆ. ಗೆದ್ದೆ ಎಂದುಕೊಂಡು ಒಂದು ಸೀರೆ ಮಡಚಿದೆ. ಅಷ್ಟರಲ್ಲಿ ಕಿವಿಯಲ್ಲಿ ಟಕ್ ಎಂದಿತು. ಆ ಪಿನ್ನು ಯಥಾಪ್ರಕಾರ ಕಳಚಿ ಬಿದ್ದಿರಬೇಕು. ಟಿವಿ ಪೂರ್ತಿ ಹೋಗಿ, ಅದರ ಜಾಗದಲ್ಲಿ ಅತ್ತೆಯ ದನಿ ಬಂತು. ಪೆಟ್ಟಿಗೆ ಮೈಕಾಗಿತ್ತು. ಆ ದರಿದ್ರ ಸಾಮಾನು ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದ್ದು ಅದೇ ಮೊದಲು.

"ತಮ್ಮಾ, ಅದ್ರಾಗ ನಂಗ ಏನೂ ಕೇಳ್ಸಂಗಿಲ್ಲ," ಅಂದರು ಅತ್ತೆ, ಮಗನಿಗೆ.

ಇವರು ಅವರ ಕಿವಿಯ ಹತ್ತಿರ ಏನೋ ಅಂದರು, ಮೊದಲೇ ಯಾಕೆ ಹೇಳಲಿಲ್ಲ ಎಂಬಂತೆ.

"ಹ್ಯಾಂಗ ಹೇಳ್ಲಿ? ಅಕಿ ಅವತ್ತ ಶಹಾಬಾದ ಅಂದದ್ದು ಬಾಯಿ ನೋಡೇ ತಿಳದದ. ಹೇಳಿದ್ರ ಅಕಿ ನಂಗ ಶಹಾಬಾದಕ ಕಳಸ್ತಾಳ. ಅಲ್ಲಿ ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ತಾರಪ್ಪ. ಮನಿಗಿ ಯಾರರೆ ಬಂದು ಬಾಗಿಲಾ ಬಡದ್ರೂ ನಂಗ ಕೇಳಂಗಿಲ್ಲ, ಕೇಳಿದ್ರೂ ತೆಗಿಲಿಕ್ಕ ಬರಂಗಿಲ್ಲ. ಇಲ್ಲೇ ಟಿವ್ಯಾಗಿನವ್ರ ಬಾಯಿ ಅಲಗಾಡೋದು ನೋಡ್ಕೋತ ಕುಂದರ್ತೀನಿ. ಅಕಿಗಿ ಹೇಳಬ್ಯಾಡ."

ಆಮೇಲೆ ಇವರ ದನಿ: "ಹೇಳಂಗಿಲ್ಲವ್ವಾ."

ನಾನು ಸೀರೆ ಹಿಡಿದುಕೊಂಡು ಹಗ್ಗದ ಹತ್ತಿರ ನಿಂತೇ ಇದ್ದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ತಿಂಗಳುಗಟ್ಟಲೆ ಒಬ್ಬ ಮುದುಕಿ ನನ್ನೆದುರು ದಿನಾ ಪರೀಕ್ಷೆಗೆ ಕೂತಿದ್ದಳು, ನಾನು ಹೆಡ್‌ಫೋನಿಗೆ ಅಂಕ ಹಾಕುತ್ತ ಕೂತಿದ್ದೆ. ಗಂಡನೂ ನನಗೆ ಹೆದರಿ ತಾಯಿಯ ಜೊತೆ ಸೇರಿಕೊಂಡು ಗುಟ್ಟು ಕಾಯುವಂಥ ಹೆಂಗಸು ನಾನು. ದೊಡ್ಡ ಬಾಯಿಯ ಶಿಕ್ಷಕಿ.

ಒಳಗೆ ಹೋದೆ. ಕೇಳಿಸಿಕೊಂಡೆನೆಂದು ಹೇಳುವ ಧೈರ್ಯವಾಗಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲೆ ಒಗೆದು, ಇದು ಕೆಟ್ಟುಹೋಗಿದೆ, ಇನ್ನು ಬೇಡ, ಟಿವಿ ಮೊದಲಿನ ಹಾಗೆ ದೊಡ್ಡ ದನಿಯಲ್ಲಿ ಇರಲಿ ಎಂದೆ. ಅತ್ತೆಗೆ ಮಾತು ಕೇಳಿಸಲಿಲ್ಲ, ಒಗೆದದ್ದು ಕಾಣಿಸಿತು. ಗಾಬರಿಯಿಂದ ಎದ್ದುಬಂದು ಅದನ್ನು ಎತ್ತಿಕೊಂಡರು, ಸೆರಗಿನಿಂದ ಒರೆಸಿದರು. ಚೆನ್ನಾಗಿದೆ, ಕೆಟ್ಟಿಲ್ಲ, ತನಗೆ ಎಲ್ಲ ಕೇಳುತ್ತದೆ ಎಂದು ಒಂದೇ ಸಮನೆ ಹೇಳಿದರು. ಮಗನ ಕಡೆ ನೋಡಿದರು, ಅವನು ಹೇಳಿಬಿಟ್ಟನೇನೋ ಎಂಬಂತೆ. ಅವರ ಕಿವಿಗೆ ಬಾಯಿ ಹಚ್ಚಿ, "ನೀವು ಎಲ್ಲೂ ಹೋಗಂಗಿಲ್ಲ. ಇಲ್ಲೇ ಇರ್ರಿ," ಎಂದೆ. ಹ್ಞೂಂ ಎಂದು ತಲೆಯಾಡಿಸಿದರು. ನಂಬಲಿಲ್ಲ.

ಮರುದಿನವೇ ಸೆಲ್ಲು ತೆಗೆದು ಬಿಸಾಡಿದೆ. ಯುಗಾದಿ ಬಂದು ಹೋಯಿತು, ಶಹಾಬಾದಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಟಿವಿ ಹಗಲೆಲ್ಲ ಮತ್ತೆ ಓಣಿ ಕೇಳುವ ಹಾಗೆ ಒದರುತ್ತದೆಂದು ಎದುರು ಮನೆಯವರು ದೂರುತ್ತಿದ್ದರು. ಆದರೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡಿ ದನಿ ಪೂರ್ತಿ ಇಳಿಸಿ, ಸೆಲ್ಲಿಲ್ಲದ ಆ ಹೆಡ್‌ಫೋನು ಏರಿಸಿಕೊಂಡು ಅತ್ತೆ ಕೂತಿರುತ್ತಿದ್ದರು. ನಾನು ರಿಮೋಟು ತೆಗೆದುಕೊಂಡು ದನಿ ಏರಿಸುತ್ತಿದ್ದೆ. ಇದು ಅವರು ಇರುವ ತನಕ ನಡೆಯಿತು. ದನಿ ಎಷ್ಟು ಏರಿಸಿದರೂ ಅವರು ಟಿವಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.