ಕಾರಣ ಕೇಳಲು ಹೋದ ಕಾಲರಣ್ಣ

ಲಾಂಡ್ರಿಯಲ್ಲಿ ಅವನಿಗೆ ಕಾಲರಣ್ಣ ಎಂದೇ ಹೆಸರು. ಅವನು ಕಾಲರ್ ಇಸ್ತ್ರಿ ಮಾಡಿದನೆಂದರೆ ಅಂಗಿ ತೊಟ್ಟವನ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು. ಅವನ ಕತ್ತು ಮಾತ್ರ ಜೀವಮಾನವೆಲ್ಲ ಮೇಜಿನ ಮೇಲೆ ಬಗ್ಗಿಯೇ ಇತ್ತು. ಅಂಥವನನ್ನು ಮಾಲೀಕರು ಒಂದು ಬೆಳಿಗ್ಗೆ ಕರೆದು, ನಾಳೆಯಿಂದ ಬರಬೇಡ ಎಂದುಬಿಟ್ಟರು. ಕೊಡಬೇಕಾದ್ದನ್ನೆಲ್ಲ ಕೊಟ್ಟರು, ಕಾರಣವೊಂದನ್ನು ಬಿಟ್ಟು.

ಹೆಂಡತಿ ಬಿಟ್ಟಾಳೆಯೇ? "ಸುಮ್‌ಸುಮ್ನೆ ಯಾರಾದ್ರೂ ತೆಗೀತಾರಾ? ಏನ್ ಕಿತಾಪತಿ ಮಾಡ್ಕೊಂಡ್ರಿ, ಹೇಳಿ." ಬೀದಿಯವರು ಕೇಳುವ ಗೋಜಿಗೂ ಹೋಗದೆ ಕಾರಣಗಳನ್ನು ತಾವೇ ಧಾರಾಳವಾಗಿ ಒದಗಿಸಿಕೊಂಡರು. ಒಬ್ಬರ ಬಾಯಲ್ಲಿ ಕಳ್ಳ, ಇನ್ನೊಬ್ಬರ ಬಾಯಲ್ಲಿ ಕುಡುಕ. ಬೇರೆ ಲಾಂಡ್ರಿಗೆ ಕೆಲಸ ಕೇಳಲು ಹೋದರೆ ಅಲ್ಲೂ ಅದೇ ರಾಗ.

"ಯಾಕೆ ತೆಗೆದ್ರು?"

"ಗೊತ್ತಿಲ್ಲ ಸಾರ್."

"ಹಾಗಾದ್ರೆ ಏನೋ ದೊಡ್ಡದೇ ಇರ್ಬೇಕು. ಹೋಗಿ ಬಾ."

ಹೊಟ್ಟೆಪಾಡು ನಡೆಯಬೇಕಲ್ಲ. ಹೋದ ಕೆಲಸ ಹೋಗಲಿ, ಕಾರಣವನ್ನಾದರೂ ಕೇಳಿ ತರೋಣವೆಂದು ಹಳೆಯ ಮಾಲೀಕರ ಬಳಿ ಹೋದ. ಅವರು ಕೂರಿಸಿ, ನೀರು ಕೊಡಿಸಿದರು.

"ನಿನ್ನಂಥ ಕೆಲಸಗಾರ ಸಿಗಲ್ಲಪ್ಪಾ. ಅಪ್ಪಟ ಚಿನ್ನ ನೀನು."

"ಮತ್ಯಾಕೆ ತೆಗೆದ್ರಿ ಸಾರ್?"

"ಹೇಳ್ಲೇಬೇಕು ಅಂತ ಕಾನೂನಿಲ್ಲ. ವಕೀಲರನ್ನ ಕೇಳೇ ಮಾಡಿದ್ದು. ಕಾರಣ ಹೇಳಿದ್ರೆ ಅದು ಸುಳ್ಳು ಅಂತ ಕೋರ್ಟಿಗೆ ಹೋಗ್ತೀಯ. ಹೇಳದೇ ಇದ್ರೆ ಯಾವುದನ್ನ ಸುಳ್ಳು ಅಂತೀಯ?"

"ಬೈದಾದ್ರೂ ಕಳಿಸಿ ಸಾರ್. ಸೋಮಾರಿ ಅನ್ನಿ."

"ಛೆ ಛೆ, ನನ್ನ ಬಾಯಲ್ಲಿ ಅಂಥ ಮಾತೇ!"

ಅವನು ಕೆಲಸಕ್ಕಿದ್ದಷ್ಟು ಕಾಲ ಒಂದು ಒಳ್ಳೆಯ ಮಾತನ್ನೂ ಆಡದಿದ್ದ ಪುಣ್ಯಾತ್ಮರು ಈಗ ಹೊಗಳುತ್ತ ಹೊಗಳುತ್ತ ಬಾಗಿಲವರೆಗೂ ಬಂದರು. ಕಾಲರಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ಲಾಂಡ್ರಿಯಲ್ಲಿ ಅವನು ಸತ್ಯದ ತಂಟೆಗೆ ಹೋಗಲಿಲ್ಲ. "ದೊಡ್ಡ ಗಿರಾಕಿಯ ರೇಷ್ಮೆ ಅಂಗಿ ಸುಟ್ಟುಬಿಟ್ಟೆ ಸಾರ್, ಅದಕ್ಕೇ ತೆಗೆದ್ರು."

ಹೊಸ ಮಾಲೀಕರ ಮನಸ್ಸು ಹಗುರವಾಯಿತು. "ಎಷ್ಟು ಪ್ರಾಮಾಣಿಕ ನೋಡು! ನಾಳೆಯಿಂದ ಬಾ. ಅಂಗಿ ಮಾತ್ರ ಮುಟ್ಬೇಡ, ಹೋಟೆಲಿನ ದಿಂಬಿನ ಕವರ್ ನೋಡ್ಕೋ." ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ಸುಡದವನು ಹಲ್ಲು ಕಚ್ಚಿಕೊಂಡು ದಿಂಬಿನ ಕವರುಗಳನ್ನು ತೀಡಿದ.

ಕೆಲವು ವಾರ ಕಳೆದಿರಬೇಕು. ಮಾಲೀಕರ ಭಾವಮೈದುನ ಫೋನಿನಲ್ಲಿ ಹರಟುತ್ತ, ಗಿರಾಕಿಯೊಬ್ಬರ ಹೊಸ ಕೋಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತ. ಕೋಟಿನ ಬೆನ್ನಿಗೆ ತೂತು ಬಿತ್ತು. ಮಾಲೀಕರು ಓಡಿ ಬಂದರು. ಅವರು ಭಾವಮೈದುನನ ಮುಖ ನೋಡಿದರು, ಆಮೇಲೆ ಕೋಣೆಯ ಆ ತುದಿಯಲ್ಲಿದ್ದ ಕಾಲರಣ್ಣನ ಮುಖ ನೋಡಿದರು.

"ನಾನು ಮುಟ್ಟೇ ಇಲ್ಲ ಸಾರ್! ಆವತ್ತೂ ಏನೂ ಸುಟ್ಟಿರ್ಲಿಲ್ಲ!"

"ನೀನೇ ಬಾಯಿಬಿಟ್ಟು ಒಪ್ಕೊಂಡಿದ್ಯಲ್ಲಯ್ಯಾ?"

ಈ ಮಾಲೀಕರು ನ್ಯಾಯವಂತರು, ಕಾರಣ ಹೇಳದೆ ಯಾರನ್ನೂ ಕಳಿಸುವವರಲ್ಲ. ಅವನನ್ನು ಬಾಗಿಲಲ್ಲಿ ನಿಲ್ಲಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿಯೇ ಕಳಿಸಿದರು.