ಗುಳವ್ಯಾನ ನಾಲಗೆ

ಸಿದಗೊಂಡ ಕಾಕಾ ಕಡಾಯಿಯ ಮುಂದೆ ನಿಂತರೆಂದರೆ ಗಾಣದಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಕುದಿಯುವ ಪಾಕವನ್ನು ಮರದ ಹುಟ್ಟಿನ ತುದಿಯಲ್ಲಿ ಎತ್ತಿ ತಣ್ಣೀರಿಗೆ ಬಿಡುವರು. ಗಟ್ಟಿಯಾದದ್ದನ್ನು ಕಡಾಯಿಯ ಅಂಚಿಗೆ ಒಗೆದು ಸಪ್ಪಳ ಕೇಳುವರು. ಆಮೇಲೆ ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚುವರು. "ಇಳಸ್ರಲೇ!" ಎಂದ ಕೂಡಲೇ ಇಳಿಸಬೇಕು, ತಡ ಮಾಡಿದವನ ಏಳು ತಲೆಮಾರು ಬೈಗುಳದಲ್ಲಿ ಎದ್ದು ಬರುತ್ತಿದ್ದವು. ಉಗಾರ ಬುದ್ರುಕದ ನಮ್ಮ ಗಾಣಕ್ಕೆ ಅವರೇ ಗುಳವ್ಯಾ, ಅಂದರೆ ಬೆಲ್ಲದ ಹದ ಹೇಳುವವರು. ರಕ್ತಸಂಬಂಧವೇನಿಲ್ಲ. ಆದರೂ ನನ್ನಪ್ಪ ತೀರಿದ ಮೇಲೆ ನನ್ನನ್ನು ಬೈಯುವ ಹಕ್ಕು ಇದ್ದದ್ದು ಅವರೊಬ್ಬರಿಗೇ.

ತೊಂಬತ್ತರ ದಶಕದ ಶುರು. ಅವರು ತಂಬಾಕು ಒತ್ತಿಡುತ್ತಿದ್ದ ದವಡೆಯಲ್ಲೇ ಹುಣ್ಣಾಗಿ ಮಾಯದೆ ಉಳಿಯಿತು. ಮಿರಜಿನ ದವಾಖಾನೆಯಲ್ಲಿ ಕ್ಯಾನ್ಸರ್ ಎಂದರು. ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಲು ವಾರಗಟ್ಟಲೆ ನಾನೇ ಬಸ್ಸಿನಲ್ಲಿ ಕರೆದೊಯ್ದೆ. ಕೊರಳಿನ ಚರ್ಮ ಸುಟ್ಟ ಬದನೆಕಾಯಿಯಂತೆ ಕಪ್ಪಾಗಿ ಸುಲಿಯಿತು. ಬಾಯಿ ಒಣಗಿ, ಎರಡು ಮಾತಿಗೊಮ್ಮೆ ನೀರು ಬೇಕಾಗುತ್ತಿತ್ತು.

"ಬ್ಯಾನಿ ತಡಕೋಬಹುದು ತಮ್ಮಾ," ಎಂದರು ಒಮ್ಮೆ ಬಸ್ಸಿನಲ್ಲಿ. "ಏನ ತಿಂದ್ರೂ ಮಣ್ಣ ತಿಂದಂಗ ಆಗತೈತಲ್ಲ, ಅದನ್ಹೆಂಗ ತಡಕೊಳ್ಳೋದು? ಯಾರ ಮುಂದೂ ಹೇಳಬ್ಯಾಡ. ನಾಲಗಿ ಹೋದ ಗುಳವ್ಯಾನ್ನ ಯಾರ ಕರೀತಾರ?"

ಹುಣ್ಣು ಮಾಯಿತು, ರುಚಿ ಮಾತ್ರ ತಿರುಗಿ ಬರಲಿಲ್ಲ. ಬರುತ್ತದೆಂದು ಡಾಕ್ಟರೂ ಖಾತ್ರಿ ಕೊಡಲಿಲ್ಲ. ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಮಾಡಿದ್ದನ್ನೆಲ್ಲ "ಭಾಳ ಛಲೋ ಆಗೈತಿ" ಎಂದು ಕಷ್ಟಪಟ್ಟು ನುಂಗುತ್ತಿದ್ದರು. ಕಾಕು ಏನು ದಡ್ಡಿಯೇ? ಒಂದು ದಿನ ಬೇಕಂತಲೇ ಉಪ್ಪಿಲ್ಲದ ಗಂಜಿ ಕೊಟ್ಟರು. "ಉಪ್ಪು ಬರೋಬ್ಬರಿ ಐತಿ," ಎಂದರಂತೆ ಈ ಮಹಾರಾಯರು. ಕಾಕು ನಮ್ಮ ಹಿತ್ತಲಿಗೆ ಬಂದು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ದೀಪಾವಳಿ ಮುಗಿದು ಗಾಣ ಹೂಡುವ ಹೊತ್ತಿಗೆ ಕಾಕಾ ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು ಹಾಜರ್. ಬೆಂಕಿಯ ಝಳ ತಾಕಬಾರದೆಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಆದರೂ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಬೇಡವೆಂದರೆ ಮನುಷ್ಯ ಅಲ್ಲೇ ಮುಗಿದುಹೋಗುತ್ತಾನೆ ಅನ್ನಿಸಿತು.

ಸಪ್ಪಳ ಕೇಳಿ, ಬಣ್ಣ ನೋಡಿ ಮೊದಲ ಕಡಾಯಿ ಇಳಿಸಿದರು. ಬೆಲ್ಲ ಬಂಗಾರದ ಬಣ್ಣಕ್ಕೆ ಬಂದಿತ್ತು. ಮೊದಲ ಚೂರು ದೇವರಿಗೆ, ಎರಡನೆಯದು ಗುಳವ್ಯಾನ ಬಾಯಿಗೆ. ಅವನು ಹೂಂ ಎಂದ ಮೇಲೆಯೇ ಉಳಿದವರು ಮುಟ್ಟುವುದು ನಮ್ಮಲ್ಲಿಯ ಪದ್ಧತಿ. ಕಾಕಾ ಕಣ್ಣು ಮುಚ್ಚಿ, "ಸೀ ಐತಿ, ತಿನ್ರಿ," ಎಂದರು.

ತಿಂದೆವು. ಅಯ್ಯೋ, ನಾಲಗೆ ಚುರ್ರೆಂದಿತು. ಬಣ್ಣ ತಿಳಿಯಾಗಲೆಂದು ಹಾಕುವ ಪುಡಿ ವಿಪರೀತ ಬಿದ್ದಿತ್ತು. ಮೊದಲಾಗಿದ್ದರೆ ಅವರ ನಾಲಗೆಯೇ ಹಿಡಿದುಬಿಡುತ್ತಿತ್ತು. ಕಾಕಾ ನನ್ನ ಕಡೆ ತಿರುಗಿ, "ಹೆಂಗೈತಿ ತಮ್ಮಾ? ಖರೆ ಹೇಳು," ಎಂದರು.

"ಭಾಳ ಛಲೋ ಆಗೈತ್ರಿ ಕಾಕಾ," ಎಂದೆ. ಕೆಲಸದವರೂ ತಲೆ ಆಡಿಸಿದರು.

ಅದೇ ಅಳತೆಯಲ್ಲಿ ಎರಡನೆಯ ಕಡಾಯಿ ಇಳಿಯಿತು, ಮೂರನೆಯದೂ ಇಳಿಯಿತು. ಕಾಕಾನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತ್ತು. ಮಧ್ಯಾಹ್ನ ಬುತ್ತಿ ತಂದ ಕಾಕು ಚೂರು ಬಾಯಿಗಿಟ್ಟವರೇ ಥೂ ಎಂದು ಉಗುಳಿದರು. "ಇದೇನ್ರಿ ಇದು? ಯಾರಿಗೂ ತಿಳೀಲಿಲ್ಲೇನು?"

ಕಾಕಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನಾನು ನೆಲ ನೋಡಿದೆ. ಹುಟ್ಟನ್ನು ಗೋಡೆಗೆ ಆನಿಸಿಟ್ಟು, ಏನೂ ಬೈಯದೆ ಹೊರಟುಬಿಟ್ಟರು. ಆ ಒಂದು ಬೈಗುಳಕ್ಕಾಗಿ ಆ ದಿನ ನಾನು ಏನನ್ನಾದರೂ ಕೊಡುತ್ತಿದ್ದೆ.

ಮರುದಿನ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಮರುವರ್ಷ ರೋಗ ಮರುಕಳಿಸಿ ಕೊರಳಲ್ಲಿ ಗಂಟು ಎದ್ದಿತು. ತೀರಿಹೋಗುವ ನಾಲ್ಕು ದಿನ ಮೊದಲು ಹೋಗಿ ಹಾಸಿಗೆಯ ಬದಿ ಕುಳಿತೆ. "ನಿಮ್ಮ ಮನಸ್ಸಿಗಿ ನೋವಾಗಬಾರದಂತ ಬೆಲ್ಲ ಛಲೋ ಆಗೈತಿ ಅಂದಿದ್ನಿರಿ ಕಾಕಾ," ಎಂದೆ.

ಅವರು ಗುಟುಕು ನೀರು ಕುಡಿದು ತಡೆದು ತಡೆದು ಹೇಳಿದರು:

"ನೀ ಒಂದ್ ಮಾತ ಹೇಳಿದ್ರ ನಾ ಎರಡನೇದ್ರಾಗ ತಿದ್ದಕೊಂತಿದ್ನಲ್ಲೋ ತಮ್ಮಾ. ನನ್ನ ನಾಲಗಿ ಸತ್ತಿತ್ತು, ಖರೆ. ನಿನಗೇನಾಗಿತ್ತೋ?"